ನೋಡುವವರ ಸಂಯಮ

ಪ್ರಕೃತಿಯ ಸೊಬಗನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಮಾನವನಿಗೆ ಸಹಜವಾದುದು. ಒಡಿಶಾ ರಾಜ್ಯದ ಕರಾವಳಿಯಲ್ಲಿರುವ ಚಿಲಿಕಾ ಸರೋವರಕ್ಕೆ ಪ್ರತಿವರ್ಷವೂ ಸಹಸ್ರಾರು ಪ್ರವಾಸಿಗರನ್ನು ಕರೆತರುವುದು ಈ ಹಂಬಲವೇ. ಬಂಗಾಳ ಕೊಲ್ಲಿಯ ಉಪ್ಪುನೀರೂ ನದಿಗಳ ಸಿಹಿನೀರೂ ಬೆರೆಯುವ ಈ ವಿಶಾಲ ಜಲರಾಶಿಯು ಇರವಾಡಿ ಡಾಲ್ಫಿನ್‌ಗಳ ತವರು. ಅವುಗಳನ್ನು ತೋರಿಸಲೆಂದು ಸಾತಪಾಡಾ ಎಂಬ ಊರಿನಿಂದ ದೋಣಿಗಳು ಹೊರಡುತ್ತವೆ. ಇಳಿಬಿಸಿಲಿಗೆ ಹೊಂಬಣ್ಣ ತಳೆದ ನೀರಿನಿಂದ ಬೂದುಬಣ್ಣದ ದುಂಡುತಲೆಯೊಂದು ಮೇಲೆದ್ದು, ಉಸಿರೆಳೆದುಕೊಂಡು, ಮರುಕ್ಷಣವೇ ಮರೆಯಾಗುವ ನೋಟ ಯಾರ ಮನಸ್ಸನ್ನಾದರೂ ಸೆರೆಹಿಡಿಯುವಂಥದು. ಆದರೆ ಈ ಆನಂದಕ್ಕೆ ಬೆಲೆ ತೆರುವವರು ಯಾರು ಎಂದು ಯೋಚಿಸುವವರು ವಿರಳ.

ಡಾಲ್ಫಿನ್ ಮೀನಲ್ಲ; ಮರಿಗೆ ಹಾಲೂಡಿಸುವ ಸಸ್ತನಿ. ಉಸಿರಾಟಕ್ಕಾಗಿ ಅದು ಮತ್ತೆ ಮತ್ತೆ ನೀರಿನ ಮೇಲಕ್ಕೆ ಬರಲೇಬೇಕು. ಕದಡಿದ ನೀರಿನಲ್ಲಿ ಅದಕ್ಕೆ ಕಣ್ಣಿಗಿಂತ ಕಿವಿಯೇ ಆಧಾರ. ತಾನು ಹೊರಡಿಸಿದ ಧ್ವನಿಯು ಮರಳಿ ಬರುವುದನ್ನು ಆಲಿಸಿ ಅದು ಆಹಾರವನ್ನೂ ದಾರಿಯನ್ನೂ ಅರಿಯುತ್ತದೆ. ನೀರಿನಲ್ಲಿ ಶಬ್ದವು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಿಂದ ಸಾಗುತ್ತದೆ. ಹೀಗಿರುವಾಗ ಹಲವು ಯಂತ್ರದೋಣಿಗಳು ಏಕಕಾಲದಲ್ಲಿ ಮುತ್ತಿದರೆ ಆ ಪ್ರಾಣಿಯ ಪಾಡೇನು? ಸಂತೆಯ ಗದ್ದಲದಲ್ಲಿ ತಾಯಿಯ ಕರೆ ಮಗುವಿಗೆ ಕೇಳಿಸದಂತೆ, ಅದರ ಲೋಕವೇ ಕಿವುಡಾಗುತ್ತದೆ. ದೋಣಿಯ ತಿರುಗುವ ಅಲಗಿಗೆ ಸಿಕ್ಕಿ ಡಾಲ್ಫಿನ್‌ಗಳು ಪ್ರಾಣ ಬಿಟ್ಟದ್ದೂ ಉಂಟು. 2020ರ ಗಣತಿಯಲ್ಲಿ ಚಿಲಿಕಾದಲ್ಲಿ ಕಂಡುಬಂದವು ಸುಮಾರು 150 ಮಾತ್ರ. ಒಂದು ಸಲಕ್ಕೆ ಒಂದೇ ಮರಿಯನ್ನು ಹೆರುವ ಈ ಜೀವಿಗೆ ಒಂದೊಂದು ಸಾವೂ ದೊಡ್ಡ ನಷ್ಟವೇ.

ಇದಕ್ಕೆಲ್ಲ ದೋಣಿಯವನೇ ಕಾರಣನೆಂದು ದೂರುವುದು ಸುಲಭ. ಆದರೆ ಅವನ ಹೊಟ್ಟೆಪಾಡು ಪ್ರವಾಸಿಗನ ಸಂತೋಷವನ್ನು ಅವಲಂಬಿಸಿದೆ. “ಇನ್ನೂ ಹತ್ತಿರ ಹೋಗು, ಬೇಗ ತೋರಿಸು” ಎಂದು ಅವಸರಪಡಿಸುವವನು ಪ್ರವಾಸಿಗ. ಹಣ ಕೊಟ್ಟಿರುವುದರಿಂದ ಡಾಲ್ಫಿನ್ ಕಾಣಿಸಿಕೊಳ್ಳಲೇಬೇಕೆಂಬುದು ಅವನ ಭಾವನೆ. ಆತ ಕೊಟ್ಟದ್ದು ದೋಣಿಯ ಬಾಡಿಗೆಯನ್ನೇ ಹೊರತು ವನ್ಯಜೀವಿಯ ಸ್ವಾತಂತ್ರ್ಯದ ಬೆಲೆಯನ್ನಲ್ಲ.

ಹಾಗಾದರೆ ಇಂಥ ವಿಹಾರಗಳನ್ನೇ ನಿಷೇಧಿಸಬೇಕೆ? ಅದು ಸರಿಯಾದ ಮಾರ್ಗವೆನಿಸದು. ದೋಣಿ ನಡೆಸುವ ಕುಟುಂಬಗಳ ಅನ್ನದ ಪ್ರಶ್ನೆ ಒಂದೆಡೆಯಾದರೆ, ಕಂಡು ಅರಿಯದ ಜೀವಿಯ ಮೇಲೆ ಜನರಲ್ಲಿ ಪ್ರೀತಿ ಹುಟ್ಟುವುದು ಕಷ್ಟವೆಂಬುದು ಇನ್ನೊಂದೆಡೆ. ಮಾನವನ ಪ್ರಯತ್ನದಿಂದ ಒಳಿತೂ ಆಗಬಲ್ಲದೆಂಬುದಕ್ಕೆ ಚಿಲಿಕಾವೇ ಸಾಕ್ಷಿ. ಹೂಳು ತುಂಬಿ, ಸಮುದ್ರದ ನೀರು ಸರಾಗವಾಗಿ ಬಾರದೆ ಸೊರಗಿದ್ದ ಆ ಸರೋವರಕ್ಕೆ 2000ದಲ್ಲಿ ಹೊಸ ಅಳಿವೆಬಾಯಿಯನ್ನು ತೆರೆಯಲಾಯಿತು. ಉಪ್ಪುನೀರು ಮರಳಿತು, ಮೀನಿನ ಸಂಪತ್ತು ವೃದ್ಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಈ ಡಾಲ್ಫಿನ್‌ಗಳಿಗೆ ಇದೆ.

ಆದರೆ ನಡುನೀರಿನಲ್ಲಿ ಪ್ರತಿಯೊಂದು ದೋಣಿಗೂ ಕಾವಲುಗಾರನನ್ನು ನೇಮಿಸಲಾಗದು. ಅಲ್ಲಿ ಕೆಲಸಕ್ಕೆ ಬರುವುದು ನೋಡುವವರ ಸಂಯಮವೇ. ದೂರದಲ್ಲಿಯೇ ಯಂತ್ರವನ್ನು ನಿಲ್ಲಿಸಿ, ಮೌನವಾಗಿ ಕಾಯುವಂತೆ ದೋಣಿಯವನಿಗೆ ಹೇಳುವ ಪ್ರವಾಸಿಗನು ಅವನ ಅವಸರವನ್ನೂ ಪ್ರಾಣಿಯ ಭಯವನ್ನೂ ಒಮ್ಮೆಗೇ ಕಳೆಯಬಲ್ಲನು. ಡಾಲ್ಫಿನ್ ಕಾಣಿಸದಿದ್ದರೂ ಒಪ್ಪಿಕೊಂಡ ಬಾಡಿಗೆಯನ್ನು ನಗುಮೊಗದಿಂದ ಕೊಟ್ಟರೆ, ನಾಳೆ ಅದನ್ನು ಬೆನ್ನಟ್ಟುವ ಅಗತ್ಯ ಅವನಿಗಿರುವುದಿಲ್ಲ. ಪರರ ಮನೆಗೆ ಹೋದ ಅತಿಥಿಯು ಬಾಗಿಲಲ್ಲಿ ನಿಂತು ಕಾಯುತ್ತಾನೆಯೇ ವಿನಾ ಒಳಕೋಣೆಗೆ ನುಗ್ಗುವುದಿಲ್ಲ. ಸರೋವರವು ಡಾಲ್ಫಿನ್‌ಗಳ ಮನೆ. ದೋಣಿಯಲ್ಲಿ ಬಂದವನು ಅಲ್ಲಿ ಅತಿಥಿ ಮಾತ್ರ.