ನಿಂತ ಗಾಡಿಯ ಲೆಕ್ಕ

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಈಚೆಗೆ ನನಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದ. ಪತ್ರವೆಂದರೆ ಅಂಚೆಯವನು ತಂದುಕೊಡುವ ಪತ್ರವಲ್ಲ. ಫೋನಿನೊಳಗೆ ಬಂದು ಬೀಳುವ ಪತ್ರ. ಆದರೂ ‘ಮಾವನವರಿಗೆ ನಮಸ್ಕಾರಗಳು’ ಎಂದು ಆರಂಭಿಸಿ, ಕುಶಲವನ್ನು ಕೇಳಿ, ಆಮೇಲೆ ವಿಷಯಕ್ಕೆ ಬಂದಿದ್ದನಾದ್ದರಿಂದ ಅದನ್ನು ಪತ್ರವೆನ್ನಲು ಅಡ್ಡಿಯಿಲ್ಲ. ವಿಷಯವಿಷ್ಟು: ಅವನಲ್ಲಿ ಒಂದು ಹಳೆಯ ಕಾರವಾನ್ ಇದೆ. ಅದನ್ನು ಕೊಟ್ಟು ಹೊಸದನ್ನು ಕೊಳ್ಳಬೇಕೆ, ಬೇಡವೆ? ಮಾವ ಏನು ಹೇಳುತ್ತಾರೆ?

ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಎರಡು ಗಾಲಿಯ ಮನೆಯೇ ಕಾರವಾನ್. ಅದರೊಳಗೆ ಮಡಿಸಿದರೆ ಆಸನ, ಬಿಡಿಸಿದರೆ ಹಾಸಿಗೆ. ಒಂದು ಪುಟ್ಟ ಒಲೆ, ಕೈತೊಳೆಯುವ ಬೋಗುಣಿ, ಕಿಟಕಿಗೆ ಪರದೆ. ಬೇಸಗೆಯ ರಜೆಯಲ್ಲಿ ಆ ದೇಶದ ಸಂಸಾರಗಳು ಇದನ್ನು ಕಟ್ಟಿಕೊಂಡು ಸಮುದ್ರತೀರಕ್ಕೋ ಬೆಟ್ಟಗುಡ್ಡಗಳಿಗೋ ಹೋಗಿ, ಯಾವನೋ ರೈತನ ಹುಲ್ಲುಗಾವಲಿನಲ್ಲಿ ನಿಲ್ಲಿಸಿ, ನಾಲ್ಕಾರು ದಿನ ಇದ್ದು ಬರುತ್ತವೆ. ನನ್ನ ಸೋದರಳಿಯ ಹದಿನೈದು ವರ್ಷದ ಹಿಂದೆ, ಮಕ್ಕಳು ಚಿಕ್ಕವರಿದ್ದಾಗ, ಇದನ್ನು ಎರಡನೆಯ ಕೈಯಿಂದ ಕೊಂಡ. ಮೊದಮೊದಲು ವೇಲ್ಸ್, ಕಾರ್ನ್‌ವಾಲ್, ಸ್ಕಾಟ್ಲೆಂಡ್ ಎಂದು ಸುತ್ತಿದರು. ಆಮೇಲೆ ಮಕ್ಕಳು ಬೆಳೆದರು. ಹೋದ ವರ್ಷ ಅದರಲ್ಲಿ ಅವನು ಮಲಗಿದ್ದು ಆರು ರಾತ್ರಿ. ಉಳಿದ ದಿನವೆಲ್ಲ ಅದು ಊರಾಚೆಯ ಅಂಗಳವೊಂದರಲ್ಲಿ, ತಿಂಗಳ ಬಾಡಿಗೆ ತೆತ್ತುಕೊಂಡು, ಮಳೆಗೆ ಮೈಯೊಡ್ಡಿ ನಿಂತಿತ್ತು. ಈಗ ಒಂದು ಮೂಲೆಯಲ್ಲಿ ತೇವ ಕಾಣಿಸಿಕೊಂಡಿದೆ. ಮಾರುವ ಅಂಗಡಿಯವನು, ಹಳೆಯದನ್ನು ಇಂತಿಷ್ಟಕ್ಕೆ ಹಿಡಿದುಕೊಂಡು ಹೊಸದನ್ನು ಕೊಡುತ್ತೇನೆ ಎನ್ನುತ್ತಾನೆ. ಹೆಂಡತಿ, ಹಳೆಯದೂ ಬೇಡ ಹೊಸದೂ ಬೇಡ ಎನ್ನುತ್ತಾಳೆ.

ಪತ್ರದ ಜೊತೆಗೆ ಅವನೊಂದು ಲೆಕ್ಕದ ಪಟ್ಟಿಯನ್ನೂ ಕಳಿಸಿದ್ದ. ನಿಲ್ಲಿಸುವ ಬಾಡಿಗೆ, ವಿಮೆ, ರಿಪೇರಿ ಎಲ್ಲವನ್ನೂ ಕೂಡಿಸಿ ಆರು ರಾತ್ರಿಗಳಿಂದ ಭಾಗಿಸಿದ್ದ. ಬಂದ ಮೊತ್ತದಲ್ಲಿ ಒಂದು ಒಳ್ಳೆಯ ಹೋಟೆಲಿನಲ್ಲಿ ಇರಬಹುದಾಗಿತ್ತಂತೆ. ಹೊಸದನ್ನು ಕೊಂಡರೆ ಅದೇ ಭಾಗಾಕಾರ ಎಷ್ಟಾಗುವುದೆಂದು ಬರೆಯುವ ಧೈರ್ಯವಾಗದೆ ಆ ಜಾಗವನ್ನು ಖಾಲಿ ಬಿಟ್ಟಿದ್ದ.

ಪಟ್ಟಿಯನ್ನು ಓದಿ ನಾನು ಮೊದಲು ನಕ್ಕೆ. ಆಮೇಲೆ ಎದ್ದು ಹಿತ್ತಿಲಿನ ಕೊಟ್ಟಿಗೆಗೆ ಹೋದೆ. ಅಲ್ಲಿ ನಮ್ಮ ಮನೆಯ ಕಮಾನುಗಾಡಿ ನಿಂತಿದೆ.

ಇದನ್ನು ನಮ್ಮ ತಂದೆಯವರು ಮಾಡಿಸಿದ್ದು 1958ರಲ್ಲಿ. ತುಮಕೂರು ಸೀಮೆಯ ನಮ್ಮೂರಿಗೆ ಆಗ ಬಸ್ಸು ಇರಲಿಲ್ಲ. ಗೊಬ್ಬರ ಹೊರುವ ಗಾಡಿ ಬೇರೆ, ಸವಾರಿಯ ಗಾಡಿ ಬೇರೆ. ಸವಾರಿ ಗಾಡಿ ಇರುವ ಮನೆಯೆಂದರೆ ಊರಿನಲ್ಲಿ ಅದಕ್ಕೊಂದು ತೂಕ. ನನಗಾಗ ಎಂಟು ವರ್ಷ. ಬಡಗಿ ನಮ್ಮ ಹೊಂಗೆಯ ಮರದ ಕೆಳಗೆ ಕುಳಿತು ಜಾಲಿಯ ಮರದಲ್ಲಿ ಗಾಲಿಯನ್ನು ಮಾಡಿದ್ದನ್ನು ನಾನು ಶಾಲೆ ತಪ್ಪಿಸಿ ನೋಡಿದ್ದೇನೆ. ನಡುವೆ ಗುಂಬ, ಗುಂಬಕ್ಕೆ ಬಡಿದು ಕೂರಿಸಿದ ಅರೆಕಾಲುಗಳು, ಅವುಗಳ ತುದಿಗೆ ಬಾಗಿದ ಮರದ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಮಾಡಿದ ಸುತ್ತು. ಇಷ್ಟಾದರೂ ಅದು ಇನ್ನೂ ಗಾಲಿಯಲ್ಲ. ಕೈಯಿಂದ ಅಲುಗಿಸಿದರೆ ಕಿರಗುಟ್ಟುತ್ತಿತ್ತು. ಅದಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವ ದಿನ ಊರಿನ ಹುಡುಗರೆಲ್ಲ ಸೇರಿದ್ದೆವು. ಕಮ್ಮಾರನು ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ಒಂದಿಷ್ಟು ಕಿರಿದಾಗಿಯೇ ಬೆಸೆದಿದ್ದ. ಅದನ್ನು ನೆಲದ ಮೇಲಿಟ್ಟು, ಸುತ್ತಲೂ ಬೆರಣಿಯನ್ನು ಒಟ್ಟಿ ಬೆಂಕಿ ಹಾಕಿದರು. ಕಾದ ಪಟ್ಟಿ ಹಿಗ್ಗಿತು. ನಾಲ್ವರು ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಕೂರಿಸಿ ಸುತ್ತಿಗೆಯಿಂದ ಹೊಡೆದರು. ಮರ ಹೊತ್ತಿಕೊಂಡು ಹೊಗೆಯೆದ್ದಿತು. ಕೂಡಲೆ ಕೊಡಗಳಿಂದ ನೀರು ಸುರಿದರು. ಪಟ್ಟಿ ಕುಗ್ಗುತ್ತ ಬಂದಂತೆ ಗಾಲಿಯೊಳಗಿನ ಒಂದೊಂದು ಸಂದೂ ಟಕಟಕನೆ ಬಿಗಿದುಕೊಂಡಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಾಲೇಜಿನಲ್ಲಿ ಉಷ್ಣದಿಂದ ಲೋಹ ಹಿಗ್ಗುವುದನ್ನು ಪಾಠ ಹೇಳುವಾಗ ನಾನು ಆ ಬೆರಣಿಯ ಬೆಂಕಿಯನ್ನು ಬಿಟ್ಟು ಬೇರೆ ಉದಾಹರಣೆಯನ್ನು ಕೊಟ್ಟವನಲ್ಲ.

ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯ ಜಾತ್ರೆಗೆ ಈ ಗಾಡಿಯಲ್ಲಿ ಹೋಗುತ್ತಿದ್ದೆವು. ನಮ್ಮೂರಿನಿಂದ ಐದು ಹರದಾರಿ. ಎತ್ತಿನ ನಡಿಗೆಯಲ್ಲಿ ಒಂದು ರಾತ್ರಿಯ ಹಾದಿ. ಹುಲ್ಲಿನ ಮೇಲೆ ಜಮಖಾನ, ಅದರ ಮೇಲೆ ನಾವು. ಮೂಕಿಗೆ ತೂಗುಹಾಕಿದ ಲಾಟೀನು. ಗಾಡಿಯ ಕೆಳಗೆ ಅದರ ನೆರಳಿನಲ್ಲೇ ನಡೆದು ಬರುವ ನಾಯಿ. 1970ರಲ್ಲಿ ನನ್ನ ಅಕ್ಕ ಗಂಡನ ಮನೆಗೆ ಹೋದದ್ದೂ, ಮೂರು ವರ್ಷದ ಮೇಲೆ ಬಾಣಂತನಕ್ಕೆ ಬಸ್ಸಿಳಿದು ಮನೆ ಸೇರಿದ್ದೂ ಇದರಲ್ಲಿಯೇ. ಎಂದರೆ ಬ್ರಿಸ್ಟಲಿನಿಂದ ನನಗೆ ಲೆಕ್ಕದ ಪಟ್ಟಿ ಕಳಿಸಿದ ಮಹಾಶಯನು ಹುಟ್ಟುವ ಮುನ್ನವೇ ಈ ಗಾಡಿಯಲ್ಲಿ ಪ್ರಯಾಣ ಮಾಡಿದವನು.

1996ರಲ್ಲಿ ಎತ್ತುಗಳನ್ನು ಕೊಟ್ಟೆವು. ಟ್ರಾಕ್ಟರು ಬಂದ ಮೇಲೆ ವರ್ಷವೆಲ್ಲ ಮೇವು ಹಾಕಿ ಎರಡು ಬಾಯಿಗಳನ್ನು ಸಾಕುವುದು ಆಗದಾಯಿತು. ಗಾಡಿ ಮಾತ್ರ ಉಳಿಯಿತು. ಕೆಲವು ವರ್ಷ ಕೆಳಗಿನ ಕೇರಿಯ ಒಕ್ಕಲಿನವರ ಎತ್ತುಗಳನ್ನು ಕೇಳಿ ಪಡೆದು ಜಾತ್ರೆಗೆ ಹೂಡಿದ್ದುಂಟು. ಆಮೇಲೆ ಅದೂ ತಪ್ಪಿತು. ಹೋದ ಬೇಸಗೆಯಲ್ಲಿ ನೋಡಿದರೆ ಎಡಗಾಲಿಯ ಮೂರು ಅರೆಕಾಲುಗಳು ಸಡಿಲವಾಗಿದ್ದವು, ಪಟ್ಟಿ ಒಂದು ಕಡೆ ಜಾರಿತ್ತು.

ವಿಚಿತ್ರವೆಂದರೆ, ಎರಡು ಗಾಡಿಗಳಿಗೂ ರೋಗ ಹಿಡಿದದ್ದು ನಿಂತದ್ದರಿಂದಲೇ. ಅಲ್ಲಿನ ಶತ್ರು ನೀರು. ಚಾವಣಿಯ ಸಂದುಗಳ ಅಂಟು ವಯಸ್ಸಾಗಿ ಬಿರಿದು, ಮಳೆಯ ನೀರು ಒಳಗಿನ ಮರದ ಚೌಕಟ್ಟಿಗೆ ಇಳಿದು, ಹೊರಗೆ ಹೊಳೆಯುವ ತಗಡು ಹಾಗೆಯೇ ಇರುವಾಗ ಒಳಗೆ ಕೊಳೆಯುತ್ತದೆ. ಓಡದ ಟೈರು ಸವೆಯುವುದಿಲ್ಲವೆಂಬುದು ನಿಜ. ಆದರೆ ಒಂದೇ ಭಾಗದ ಮೇಲೆ ಭಾರ ಹೊತ್ತು, ಬಿಸಿಲು ತಿಂದು ಬಿರುಕುಬಿಡುತ್ತದೆ. ಇಲ್ಲಿನ ಶತ್ರು ಒಣಹವೆ. ಮರ ಒಣಗಿ ಕುಗ್ಗಿದರೆ ಕಬ್ಬಿಣದ ಹಿಡಿತ ತಪ್ಪುತ್ತದೆ. ಅದಕ್ಕೇ ನಮ್ಮ ಹಿರಿಯರು ಬೇಸಗೆಯಲ್ಲಿ ಗಾಲಿಗಳನ್ನು ಕಳಚಿ ಕೆರೆಯ ನೀರಿನಲ್ಲಿ ನೆನೆಹಾಕುತ್ತಿದ್ದರು. ಓಡುತ್ತಿದ್ದ ಗಾಡಿಗೆ ಕೀಲೆಣ್ಣೆ ಹಾಕುವ ನೆಪದಲ್ಲಾದರೂ ವಾರಕ್ಕೊಮ್ಮೆ ಯಾರೋ ಅದರ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದರು. ನಿಂತ ಗಾಡಿಯನ್ನು ಮುಟ್ಟುವವರು ಯಾರು?

ನನ್ನ ತಮ್ಮನಿಗೂ ಈ ವಿಷಯದಲ್ಲಿ ಒಂದು ಅಭಿಪ್ರಾಯವುಂಟು. ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ಎದ್ದಿರುವ ರೆಸಾರ್ಟಿನವರು ಹಳೆಯ ಗಾಡಿಗಳನ್ನು ಕೊಳ್ಳುತ್ತಾರಂತೆ. ಬಣ್ಣ ಬಳಿದು, ಬಾಗಿಲಿನಲ್ಲಿ ನಿಲ್ಲಿಸಿ, ಅದರೊಳಗೆ ಹೂಕುಂಡಗಳನ್ನು ಇಡುತ್ತಾರಂತೆ. ಕೊಟ್ಟು, ಅದಕ್ಕೆ ಇನ್ನಷ್ಟು ಹಣ ಸೇರಿಸಿ ಒಂದು ವ್ಯಾನು ತೆಗೆದುಕೊಂಡರೆ ಮನೆಮಂದಿಯೆಲ್ಲ ಹೋಗಿ ಬರಬಹುದಲ್ಲ ಎನ್ನುತ್ತಾನೆ. ‘ವ್ಯಾನು’ ಎಂಬ ಮಾತೇ ‘ಕಾರವಾನ್’ ಎಂಬುದರ ತಲೆ ಕತ್ತರಿಸಿದ ರೂಪವೆಂದು ನಾನು ಅವನಿಗೆ ಹೇಳಿದೆ. ಪಾರಸಿಯಲ್ಲಿ ಒಟ್ಟಾಗಿ ಪಯಣಿಸುವ ಜನರ ತಂಡಕ್ಕೆ ಕಾರವಾನ್ ಎಂದು ಹೆಸರು, ನಮ್ಮ ಹಳಬರ ಮಾತಿನಲ್ಲಿ ಸಾರ್ಥ. ಇಂಗ್ಲಿಷಿಗೆ ಹೋದ ಮೇಲೆ ಜನ ಇಳಿದುಹೋಗಿ ಗಾಡಿಯೊಂದೇ ಹೆಸರಿನಲ್ಲಿ ಉಳಿಯಿತು. ತಮ್ಮ, “ಇದೆಲ್ಲ ಸರಿ ಅಣ್ಣ, ಕೊಡುವುದೋ ಬೇಡವೋ ಹೇಳು” ಎಂದ. ವ್ಯವಹಾರಸ್ಥರಿಗೆ ಶಬ್ದಶಾಸ್ತ್ರ ರುಚಿಸುವುದಿಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ಹಳೆಯದನ್ನು ಇಟ್ಟುಕೊಳ್ಳಬೇಕೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಎತ್ತಿನ ಗಾಡಿಯನ್ನು ಹೊಗಳುವವರು ಎತ್ತಿನ ಹೆಗಲನ್ನು ನೋಡಿರುವುದಿಲ್ಲ. ಬೆಂಗಳೂರಿನ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಬಹುಕಾಲ ಈ ವಿಷಯವನ್ನೇ ಹಿಡಿದು, ಒರಟು ನೊಗದಿಂದ ಎತ್ತಿನ ಕುತ್ತಿಗೆ ಹುಣ್ಣಾಗುವುದನ್ನೂ, ಸಮತೂಕವಿಲ್ಲದ ಗಾಡಿಯಿಂದ ಅದರ ಶ್ರಮ ವ್ಯರ್ಥವಾಗುವುದನ್ನೂ ಎತ್ತಿ ತೋರಿಸಿದರು. ಗಾಡಿಯನ್ನು ಬಿಡಿ ಎಂದಲ್ಲ, ಅದನ್ನು ಸುಧಾರಿಸಿ ಎಂಬುದು ಅವರ ವಾದ. ನಾನು ಜಮಖಾನದ ಮೇಲೆ ಮಲಗಿ ನಕ್ಷತ್ರ ಎಣಿಸಿದ ರಾತ್ರಿಗಳ ಬೆಲೆಯನ್ನು ಆ ಎರಡು ಮೂಕಪ್ರಾಣಿಗಳು ತೆತ್ತಿವೆ. ಇನ್ನು, ‘ತಂದೆಯ ಕಾಲದ್ದು’ ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತ ಗೆದ್ದಲಿಗೆ ಬಿಡುವುದನ್ನು ಪ್ರೀತಿಯೆಂದು ಕರೆಯಲು ನನಗೆ ಸಂಕೋಚವಾಗುತ್ತದೆ. ಅದು ಸೋಮಾರಿತನ, ಮೂವತ್ತು ವರ್ಷ ನಾನೇ ಮಾಡಿದ ಸೋಮಾರಿತನ.

ಆದರೆ ಅಂಗಡಿಯವನ ವಾದವನ್ನೂ ನಾನು ಒಪ್ಪಲಾರೆ. ಅವನು ಮಾರುವುದು ಗಾಡಿಯನ್ನು. ಕೊಳ್ಳುವವನು ಕೊಳ್ಳುತ್ತೇನೆಂದು ತಿಳಿದಿರುವುದು ಹದಿನೈದು ವರ್ಷದ ಹಿಂದಿನ ಬೇಸಗೆಗಳನ್ನು. ಇಂಥ ಮನೆಗಾಡಿಯನ್ನು ವಿಹಾರಕ್ಕೆಂದೇ ಮೊದಲು ಕಟ್ಟಿಸಿದವನೆಂದು ಹೆಸರಾದವನು ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯ. ಅದನ್ನು ಕಟ್ಟಿದ್ದು ನನ್ನ ಸೋದರಳಿಯನಿರುವ ಬ್ರಿಸ್ಟಲಿನಲ್ಲಿಯೇ. ‘ವಾಂಡರರ್’ ಎಂಬ ಆ ಗಾಡಿಗೆ ಎರಡು ಕುದುರೆಗಳನ್ನು ಹೂಡಿ, 1885ರ ಬೇಸಗೆಯಲ್ಲಿ ಅವನು ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಹಾದಿ ಹೇಗಿದೆಯೆಂದು ನೋಡಿಬರಲು ಅವನ ಆಳು ಮುಂದೆ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಅವನನ್ನು ನೋಡಿ ಇತರರೂ ಹೊರಟರು. 1907ರಲ್ಲಿ ಅವರ ಸಂಘವೂ ಹುಟ್ಟಿತು. ಆ ವೈದ್ಯ ಮೊದಲು ಹೊರಡಬೇಕೆಂದು ನಿಶ್ಚಯಿಸಿದ, ಆಮೇಲೆ ಗಾಡಿ ಮಾಡಿಸಿದ. ನನ್ನ ಸೋದರಳಿಯ, ಹೊಸ ಗಾಡಿ ಬಂದರೆ ಹೊರಡುವ ಮನಸ್ಸೂ ಬರಬಹುದೆಂದು ಕಾಯುತ್ತಿದ್ದಾನೆ.

ಆದ್ದರಿಂದ ನಾನು ಅವನಿಗೆ ಒಂದೇ ಪ್ರಶ್ನೆಯನ್ನು ಕೇಳಿ ಬರೆದೆ. ಹೋದ ಐದು ವರ್ಷಗಳಲ್ಲಿ ನೀನು ಹೋಗಬೇಕೆಂದಿದ್ದು ಹೋಗದೆ ಉಳಿದ ದಿನಗಳನ್ನು ನೆನೆಸಿಕೊ. ಅವುಗಳಲ್ಲಿ ಎಷ್ಟು ದಿನ, ಗಾಡಿ ಹಳೆಯದು ಎಂಬ ಕಾರಣಕ್ಕೆ ಉಳಿದೆ? ಎರಡು ದಿನ ಬಿಟ್ಟು ಉತ್ತರ ಬಂದಿತು. ಒಂದು ಸಲ ಮಗಳ ಪರೀಕ್ಷೆ. ಎರಡು ಸಲ ಹೆಂಡತಿಗೆ ಆಸ್ಪತ್ರೆಯಲ್ಲಿ ರಜೆ ದೊರೆಯಲಿಲ್ಲ. ಒಂದು ಸಲ ಬರಿಯ ಮಳೆ. ಉಳಿದಂತೆ, ‘ಏಕೋ ಹೊರಡಲಿಲ್ಲ ಮಾವ’. ಹಳೆಯದೆಂಬ ಕಾರಣಕ್ಕೆ ಒಂದು ದಿನವೂ ಇಲ್ಲ.

ಹಾಗಿದ್ದರೆ ಹೊಸದು ಬೇಡ, ಎಂದೆ. ತೇವ ಎಲ್ಲಿಯವರೆಗೆ ಹೋಗಿದೆಯೆಂದು ತಿಳಿದವರಿಂದ ಅಳೆಸು. ನೆಲದ ಹಲಗೆಗೂ ಚೌಕಟ್ಟಿಗೂ ಹೋಗಿದ್ದರೆ ಮಾತೇ ಬೇಡ, ಕಳೆದುಬಿಡು. ಮೂಲೆಯಲ್ಲಿಯೇ ನಿಂತಿದ್ದರೆ ರಿಪೇರಿ ಮಾಡಿಸು. ಟೈರುಗಳನ್ನಂತೂ ಇವತ್ತೇ ಬದಲಿಸು. ಕಾರಿಗೆ ಇರುವಂತೆ ವರ್ಷವರ್ಷದ ಕಡ್ಡಾಯ ಪರೀಕ್ಷೆ ಈ ಗಾಡಿಗೆ ನಿಮ್ಮಲ್ಲಿ ಇಲ್ಲವೆಂದು ನೀನೇ ಬರೆದಿದ್ದೀಯೆ. ಸರಕಾರ ಕೇಳದ್ದನ್ನು ನೀನು ಕೇಳಿಕೊಳ್ಳಬೇಕು. ಮುಂದಿನ ಬೇಸಗೆಯೂ ಏಕೋ ಹೊರಡದಿದ್ದರೆ, ಚಿಕ್ಕ ಮಕ್ಕಳಿರುವ ಯಾರಿಗಾದರೂ ಕೊಡು.

ಇಷ್ಟು ಬರೆದು ಕಳಿಸಿದ ಮೇಲೆ, ಅದೇ ಪ್ರಶ್ನೆಯನ್ನು ನನಗೆ ನಾನು ಕೇಳಿಕೊಳ್ಳದೆ ವಿಧಿಯಿರಲಿಲ್ಲ. ಎತ್ತಿಲ್ಲದ ನನ್ನ ಕೊಟ್ಟಿಗೆಯಿಂದ ಆ ಗಾಡಿ ಇನ್ನು ಎಲ್ಲಿಗೂ ಹೊರಡುವುದಿಲ್ಲ. ಹಾಗೆಂದು ಹೂಕುಂಡ ಹೊರಲು ಅದನ್ನು ಕೊಡುವುದಕ್ಕೂ ಮನಸ್ಸು ಬರಲಿಲ್ಲ. ಕೆಳಗಿನ ಕೇರಿಯ ಆ ಒಕ್ಕಲಿನವರಲ್ಲಿ ಈಗಲೂ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಪ್ರತಿ ವರ್ಷವೂ ಅವನ್ನು ಜಾತ್ರೆಗೆ ಹೊಡೆದುಕೊಂಡು ಹೋಗುತ್ತಾರೆ. ಪಕ್ಕದ ಹೋಬಳಿಯಲ್ಲಿ ಗಾಲಿಯ ಕೆಲಸ ಬಲ್ಲ ಬಡಗಿಯೊಬ್ಬ ಸಿಕ್ಕಿದ. ಮೂರು ಅರೆಕಾಲುಗಳನ್ನು ಹೊಸದಾಗಿ ಹಾಕಿ, ಪಟ್ಟಿಯನ್ನು ಕತ್ತರಿಸಿ ಮತ್ತೆ ಬೆಸೆದು ತೊಡಿಸಿದ. ನೊಗಕ್ಕೆ ದಪ್ಪನಾಗಿ ಮೆತ್ತೆ ಸುತ್ತಿಸಿದೆ. ಬೆರಣಿಗೆ ಬೆಂಕಿ ಹಾಕಿದ ದಿನ ಅಕ್ಕನೂ ಬಂದು ಕುರ್ಚಿಯ ಮೇಲೆ ಕುಳಿತು ನೋಡಿದಳು. ಏನನ್ನೂ ಆಡಲಿಲ್ಲ, ಫೋನಿನಲ್ಲಿ ಮಗನಿಗೆ ಆ ಹೊಗೆಯನ್ನು ತೋರಿಸಿದಳು.

ಈ ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಅವರು ಬಂದು ಎತ್ತು ಹೂಡಿ ಗಾಡಿಯನ್ನು ಹೊಡೆದುಕೊಂಡು ಹೋದರು. ಅವರ ಮೊಮ್ಮಗ ಕಮಾನಿನ ಹಿಂದಿನಿಂದ ಕಾಲು ಇಳಿಬಿಟ್ಟು ಕುಳಿತಿದ್ದ. ತಿರುವು ದಾಟುವವರೆಗೆ ನೋಡಿ ನಾನು ಹಿತ್ತಿಲಿಗೆ ಬಂದೆ. ಖಾಲಿಯಾದ ಕೊಟ್ಟಿಗೆಯಲ್ಲಿ ನನ್ನ ತಮ್ಮ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕುತ್ತಿದ್ದ. ಏನೆಂದು ಕೇಳಿದೆ. ವ್ಯಾನು ಹಿಡಿಸುತ್ತದೆಯೋ ಎಂದು ಅಳೆಯುತ್ತಿದ್ದನಂತೆ.