ಹಾಡುವವರ ಶ್ರುತಿಗೆ ತಂತಿ ಇಳಿಯಲಿ

ಶಾಲಾ ವಾರ್ಷಿಕೋತ್ಸವವಿರಲಿ, ದಸರಾ ವೇದಿಕೆಯಿರಲಿ, ಮದುವೆ ಮಂಟಪದ ಸಂಜೆಯ ಕಾರ್ಯಕ್ರಮವಿರಲಿ, ಕೊಡಗಿನಲ್ಲಿ ಈಗ ಹಾಡೆಂದರೆ ಹೆಚ್ಚಾಗಿ ಕರೋಕೆ ಟ್ರ್ಯಾಕ್. ಪೆನ್‌ಡ್ರೈವ್ ಸಿಕ್ಕಿಸುತ್ತಾರೆ, ಹುಡುಗಿ ಮೈಕ್ ಹಿಡಿದು ನಿಲ್ಲುತ್ತಾಳೆ. ಪಲ್ಲವಿ ಹೇಗೋ ದಾಟುತ್ತದೆ. ಚರಣದಲ್ಲಿ ಸ್ವರ ತಾರಕ್ಕೆ ಏರಿದಾಗ ಗಂಟಲು ಬಿಗಿಯುತ್ತದೆ, ಕತ್ತಿನ ನರ ಎದ್ದು ಕಾಣುತ್ತದೆ, ಕೊನೆಯ ಸಾಲು ಕೂಗಾಗುತ್ತದೆ. ಕೆಳಗೆ ಕುಳಿತವರು ‘ಶ್ರುತಿ ಸೇರಲಿಲ್ಲ’ ಅನ್ನುತ್ತಾರೆ. ತಪ್ಪು ಆ ಹುಡುಗಿಯದಲ್ಲ. ಎಸ್. ಜಾನಕಿಯವರ ಗಂಟಲಿಗೆ ಹೊಂದಿಸಿದ ಶ್ರುತಿಯನ್ನು ಹದಿಮೂರರ ಮಗುವಿನ ಮೇಲೆ ಹೊರಿಸಿದವರದು.

ವಾದ್ಯ ಹಾಡುವವರ ಗಂಟಲಿಗೆ ಬಗ್ಗಬೇಕು, ಗಂಟಲು ವಾದ್ಯಕ್ಕಲ್ಲ. ನಮ್ಮ ಸಂಗೀತಗಾರರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಈ ಮಾತು ಗಿಟಾರ್ ಮತ್ತು ಕೀಬೋರ್ಡ್ ತರಗತಿಗಳಲ್ಲಿ ಮರೆತೇಹೋಗಿದೆ. ಇದನ್ನು ಮತ್ತೆ ಕಲಿಯಲು ಗಿಟಾರ್ ಹಿಡಿದ ಕೊಡಗಿನ ಹುಡುಗರಿಗೆ ಒಳ್ಳೆಯ ದಾರಿಯೊಂದಿದೆ. ಅದು ಹವಾಯಿ ದ್ವೀಪಗಳ ಸ್ಲ್ಯಾಕ್ ಕೀ ಗಿಟಾರ್.

ನಮ್ಮಲ್ಲಿ ಹವಾಯಿಯನ್ ಗಿಟಾರ್ ಎಂದರೆ ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡು ಜಾರಿಸಿ ನುಡಿಸುವ ವಾದ್ಯವೇ ನೆನಪಾಗುತ್ತದೆ. ಹಳೆಯ ಹಿಂದಿ ಚಿತ್ರಗೀತೆಗಳನ್ನು ವ್ಯಾನ್ ಶಿಪ್ಲೆ ನುಡಿಸುತ್ತಿದ್ದ ಬಗೆ ಅದು. ಸ್ಲ್ಯಾಕ್ ಕೀ ಬೇರೆ. ಅಲ್ಲಿ ಗಿಟಾರ್ ಎಲ್ಲರೂ ಹಿಡಿಯುವ ಹಾಗೆಯೇ ಇರುತ್ತದೆ, ಬೆರಳುಗಳೇ ನುಡಿಸುತ್ತವೆ. ಬದಲಾಗಿರುವುದು ತಂತಿಗಳ ಶ್ರುತಿ ಮಾತ್ರ. ಇದರ ಕಥೆ ದನಗಳಿಂದ ಶುರುವಾಗುತ್ತದೆ. ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ 1793ರಲ್ಲಿ ಹವಾಯಿಯ ದೊರೆಗೆ ದನಗಳನ್ನು ಕಾಣಿಕೆ ಕೊಟ್ಟ. ಅವನ್ನು ಕೊಲ್ಲಬಾರದೆಂಬ ಕಟ್ಟಳೆಯಿತ್ತು. ಕೆಲವೇ ದಶಕಗಳಲ್ಲಿ ದನಗಳು ಕಾಡು ತುಂಬಿ ಬೆಳೆಗೆ ನುಗ್ಗಿದವು. 1830ರ ದಶಕದ ಆರಂಭದಲ್ಲಿ ಮೂರನೇ ಕಮೆಹಮೆಹಾ ಅವುಗಳನ್ನು ಪಳಗಿಸಲು ಮೆಕ್ಸಿಕೊ ಸೀಮೆಯ ದನಗಾಹಿಗಳನ್ನು ಕರೆಸಿದ. ಅವರು ಬಂದದ್ದು ದೊಡ್ಡ ದ್ವೀಪಕ್ಕೆ, ಕಾಫಿ ಬೆಳೆಗಾರರೆಲ್ಲ ಹೆಸರು ಕೇಳಿರುವ ಕೋನಾ ಇರುವ ಅದೇ ದ್ವೀಪಕ್ಕೆ. ಬರುವಾಗ ಗಿಟಾರ್‌ಗಳನ್ನೂ ತಂದರು. ದ್ವೀಪದ ಜನ ಗಿಟಾರನ್ನು ಇಟ್ಟುಕೊಂಡರು, ಶ್ರುತಿಯನ್ನು ಮಾತ್ರ ತಮ್ಮ ಹಾಡಿಗೆ ತಕ್ಕಂತೆ ಮಾಡಿಕೊಂಡರು.

ಮಾಡಿದ್ದೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯ ಗಿಟಾರ್‌ನ ತಂತಿಗಳು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ ಸ್ವರಗಳಲ್ಲಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಮೀಟಿದರೆ ಯಾವ ಹಾಡಿಗೂ ಹೊಂದದ ಸದ್ದು. ದಪ್ಪ ‘ಇ’ ತಂತಿಯನ್ನು ‘ಡಿ’ಗೆ ಇಳಿಸಿ, ‘ಎ’ ತಂತಿಯನ್ನು ‘ಜಿ’ಗೆ ಇಳಿಸಿ, ತೀರ ಸಣ್ಣ ‘ಇ’ಯನ್ನೂ ‘ಡಿ’ಗೆ ಇಳಿಸಿ. ಮೂರು ಬಿರಡೆ ತಿರುಗಿಸಿದ್ದಷ್ಟೇ. ಈಗ ಎಡಗೈ ಮುಟ್ಟದೆ ಮೀಟಿದರೂ ‘ಜಿ’ ಮೇಜರ್ ತುಂಬಿಕೊಂಡು ಕೇಳುತ್ತದೆ. ಹವಾಯಿಯಲ್ಲಿ ಇದಕ್ಕೆ ‘ಟಾರೊ ಪ್ಯಾಚ್’ ಶ್ರುತಿ ಎನ್ನುತ್ತಾರೆ, ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದೂ ಇದೇ. ಹೆಬ್ಬೆರಳು ಮೂರು ದಪ್ಪ ತಂತಿಗಳನ್ನು ಲಯಕ್ಕೆ ಸರಿಯಾಗಿ ಮೀಟುತ್ತಲೇ ಇರುತ್ತದೆ, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡು ನುಡಿಸುತ್ತವೆ. ಒಬ್ಬನೇ ಕುಳಿತು ನುಡಿಸಿದರೂ ಜೊತೆಗೊಬ್ಬ ಇದ್ದ ಹಾಗೆ.

ಹಾಡುವವರಿಗೆ ‘ಜಿ’ ಶ್ರುತಿ ಹೊಂದದಿದ್ದರೆ? ಹೀಗೆ ಎಡಗೈ ಮುಟ್ಟದೆಯೇ ಕೂಡಿ ನುಡಿಯುವ ತೆರೆದ ಶ್ರುತಿಯ ವಾದ್ಯ ಒಂದೇ ಶ್ರುತಿಗೆ ಕಟ್ಟಿಬಿದ್ದಿರುತ್ತದೆ ಎಂಬ ಆಕ್ಷೇಪ ಹಳೆಯದು. ಹವಾಯಿಯವರ ಉತ್ತರ ಮಾತ್ರ ಸೊಗಸಾಗಿದೆ. ಆ ಮೂರು ದಪ್ಪ ತಂತಿಗಳು ಡಿ, ಜಿ, ಡಿ. ‘ಜಿ’ಯನ್ನು ಷಡ್ಜವೆಂದುಕೊಂಡರೆ ಅವು ಪ, ಸ, ಪ ಆಗುತ್ತವೆ. ‘ಡಿ’ಯನ್ನೇ ಷಡ್ಜವೆಂದುಕೊಂಡರೆ ಅದೇ ತಂತಿಗಳು ಸ, ಮ, ಸ. ಬಿರಡೆ ಮುಟ್ಟದೆಯೇ ಎರಡನೇ ಶ್ರುತಿಯೊಂದು ಸಿಕ್ಕಿತು. ‘ಸಿ’ ಬೇಕೆಂದರೆ ತೀರ ದಪ್ಪ ತಂತಿಯನ್ನು ಇನ್ನೊಂದು ಸ್ವರ ಇಳಿಸಿ ‘ಸಿ’ಗೆ ತರುತ್ತಾರೆ. ಆಗ ಅದು ಷಡ್ಜ, ಪಕ್ಕದ ‘ಜಿ’ ಪಂಚಮ. ಮೂರು ಶ್ರುತಿಗಳಿಗೆ ತಿರುಗಿಸಬೇಕಾದದ್ದು ಒಂದು ಬಿರಡೆ. ಇಂಥ ಇನ್ನೂ ಹತ್ತಾರು ಹೊಂದಾಣಿಕೆಗಳಿವೆ. ಒಂದು ಕಾಲಕ್ಕೆ ಅವು ಮನೆತನದ ಗುಟ್ಟುಗಳಾಗಿದ್ದವು, ಹೊರಗಿನವರು ಬಂದರೆ ತಂತಿ ಸಡಿಲಿಸಿ ಗಿಟಾರ್ ಪಕ್ಕಕ್ಕಿಡುವವರೂ ಇದ್ದರಂತೆ. 1940ರ ದಶಕದಲ್ಲಿ ಗ್ಯಾಬಿ ಪಹಿನುಯಿ ಧ್ವನಿಮುದ್ರಿಕೆ ತಂದ ಮೇಲೆ, ಎಪ್ಪತ್ತರ ದಶಕದಲ್ಲಿ ಕಿಯೋಲಾ ಬೀಮರ್ ಕಲಿಕೆಯ ಪುಸ್ತಕ ಬರೆದ ಮೇಲೆ ಆ ಗುಟ್ಟು ಊರಿನ ಸೊತ್ತಾಯಿತು.

ಕರ್ನಾಟಕ ಸಂಗೀತ ಬಲ್ಲವರು ಇಲ್ಲಿ ತಟ್ಟನೆ ಕಿವಿ ನಿಮಿರಿಸುತ್ತಾರೆ. ಡಿ, ಜಿ, ಡಿ ಎಂದರೆ ನಮ್ಮ ಮಧ್ಯಮ ಶ್ರುತಿಯೇ. ಪುನ್ನಾಗವರಾಳಿ, ನಾದನಾಮಕ್ರಿಯೆ, ಚೆಂಜುರುಟಿಯಂಥ ರಾಗಗಳನ್ನು ಹಾಡುವಾಗ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿ, ಆ ಮಧ್ಯಮವನ್ನೇ ಷಡ್ಜವಾಗಿ ಹಿಡಿಯುವ ಪದ್ಧತಿಯಿದೆ. ಈ ರಾಗಗಳ ಸಂಚಾರ ಮೇಲಕ್ಕೆ ಹೆಚ್ಚು ಹೋಗುವುದಿಲ್ಲ, ಷಡ್ಜವನ್ನು ಮೇಲಕ್ಕೆ ಸರಿಸಿಕೊಂಡರೆ ಗಂಟಲಿಗೆ ಹಿತ. ಸಾವಿರಾರು ಮೈಲಿ ದೂರದ ದನಗಾಹಿಗಳ ಮಕ್ಕಳೂ ನಮ್ಮ ವಿದ್ವಾಂಸರೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಉಪಾಯಕ್ಕೆ ಬಂದಿದ್ದಾರೆ.

ವೀಣೆಯನ್ನೇ ನೋಡಿ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ ಮೈಸೂರು ಬೆಳೆಸಿದ ಆ ವಾದ್ಯದ ಸಾರಣಿ, ಪಂಚಮ, ಮಂದ್ರ, ಅನುಮಂದ್ರ ತಂತಿಗಳು ಸ, ಪ, ಸ, ಪ. ಪಕ್ಕದ ತಾಳದ ತಂತಿಗಳೂ ಷಡ್ಜ ಪಂಚಮಗಳೇ. ಇದು ಪೂರ್ತಿ ತೆರೆದ ಶ್ರುತಿಯ ವಾದ್ಯ. ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋದರೆ ಯಕ್ಷಗಾನದಲ್ಲೂ ಇದೇ ನ್ಯಾಯ. ಭಾಗವತರು ಬದಲಾದರೆ, ಶ್ರುತಿ ಹಾರ್ಮೋನಿಯಂನ ಕಪ್ಪು ಎರಡರಿಂದ ಬಿಳಿ ನಾಲ್ಕಕ್ಕೆ ಹೋದರೆ, ಮದ್ದಳೆಯೂ ಬದಲಾಗುತ್ತದೆ. ‘ನಮ್ಮ ಮದ್ದಳೆ ಇರುವ ಶ್ರುತಿಗೆ ನೀವು ಹಾಡಿ’ ಎಂದು ಭಾಗವತರಿಗೆ ಹೇಳುವ ಮದ್ದಳೆಗಾರ ಎಲ್ಲಿಯೂ ಸಿಗಲಾರ.

ಗಂಗೂಬಾಯಿ ಹಾನಗಲ್ಲರ ಉದಾಹರಣೆ ಇನ್ನೂ ದೊಡ್ಡದು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡಸರ ದನಿಯಂತೆ ಇಳಿಯಿತು. ತಂಬೂರಿಗಳು ಆ ದನಿಯ ಜೊತೆ ಇಳಿದವು. ಹೆಂಗಸರು ಹಾಡುವ ಶ್ರುತಿ ಇಷ್ಟೇ ಎಂದು ಯಾರಾದರೂ ಪಟ್ಟು ಹಿಡಿದಿದ್ದರೆ ಕಿರಾನಾ ಘರಾನೆಯ ಆ ಗಂಭೀರ ಗಾಯನ ನಮಗೆ ದಕ್ಕುತ್ತಿರಲಿಲ್ಲ. ಇವತ್ತು ಟ್ರ್ಯಾಕ್‌ಗೆ ಹೊಂದಲಿಲ್ಲವೆಂದು ಮೊದಲ ಸುತ್ತಿನಲ್ಲೇ ಹೊರಬೀಳುವ ಮಕ್ಕಳಲ್ಲಿ ಎಂಥ ದನಿಗಳಿವೆಯೋ.

ಕೊಡಗಿಗೆ ಈ ಮಾತು ಇನ್ನೊಂದು ಕಾರಣಕ್ಕೆ ಮುಖ್ಯ. ಇಲ್ಲಿನ ದುಡಿಕೊಟ್ಟ್ ಪಾಟ್‌ನಲ್ಲಿ ಹಾಡುವವರೇ ನುಡಿಸುವವರು. ನಡು ಸಣ್ಣಗಿರುವ, ಹುರಿ ಬಿಗಿದ ದುಡಿಯನ್ನು ಕೈಯಲ್ಲಿ ಹಿಡಿದು ನಾಲ್ವರು ಹಾಡುತ್ತಾರೆ, ಇಬ್ಬರು ಹೇಳಿದ್ದನ್ನು ಮತ್ತಿಬ್ಬರು ಎತ್ತಿಕೊಳ್ಳುತ್ತಾರೆ. ಮದುವೆಗೂ ಪುತ್ತರಿಗೂ ಸಾವಿನ ಮನೆಗೂ ಹಾಡಿದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಈ ಹಾಡುಗಳ ಮಾತನ್ನು ಕಾಪಾಡಿಟ್ಟರು. ಧಾಟಿಯನ್ನು ಪುಸ್ತಕದಲ್ಲಿ ಕಾಪಾಡುವುದು ಕಷ್ಟ, ಅದು ಹಾಡುವವರ ಗಂಟಲಲ್ಲೇ ಇರಬೇಕು. ಶ್ರುತಿಯನ್ನು ನಾಲ್ವರಲ್ಲಿ ಮೊದಲು ಎತ್ತುವವನ ಗಂಟಲು ತೀರ್ಮಾನಿಸುತ್ತದೆ.

ಈಗಿನ ಹುಡುಗರು ಈ ಹಾಡುಗಳಿಗೆ ಗಿಟಾರ್ ಜೋಡಿಸಲು ಹೊರಟಿರುವುದು ಸಂತೋಷದ ವಿಷಯ. ಆದರೆ ಹೆಚ್ಚಿನವರು ಮಾಡುವುದೇನು? ಮೊದಲು ತಮಗೆ ಸಲೀಸಾದ ‘ಇ’ ಮೈನರ್ ಅಥವಾ ‘ಸಿ’ ಹಿಡಿಯುತ್ತಾರೆ, ಹಾಡುವ ಅಜ್ಜನಿಗೆ ‘ಒಂಚೂರು ಮೇಲೆ ತಗೊಳ್ಳಿ’ ಅನ್ನುತ್ತಾರೆ. ಆಮೇಲೆ ಸಾಲಿಗೊಂದು ಕಾರ್ಡ್ ಬದಲಾಯಿಸುತ್ತಾರೆ. ಕೆಲವೇ ಸ್ವರಗಳೊಳಗೆ ಸುತ್ತುವ ಧಾಟಿಗೆ ಅಷ್ಟೊಂದು ಕಾರ್ಡ್‌ಗಳು ಬೇಕಿಲ್ಲ. ಅವು ಹಾಡನ್ನು ಇಂಗ್ಲಿಷ್ ಪಾಪ್ ಗೀತೆಯ ಚೌಕಟ್ಟಿಗೆ ಎಳೆದೊಯ್ಯುತ್ತವೆ, ಎರಡು ಸ್ವರಗಳ ನಡುವಿನ ಜಾರುಗಳು ಮುಚ್ಚಿಹೋಗುತ್ತವೆ. ಅದರ ಬದಲು ಅಜ್ಜ ಎತ್ತಿದ ಷಡ್ಜವನ್ನು ಮೊದಲು ಕೇಳಿಸಿಕೊಂಡು, ದಪ್ಪ ತಂತಿಗಳನ್ನು ಆ ಷಡ್ಜ ಪಂಚಮಗಳಿಗೆ ಇಳಿಸಿ, ಹೆಬ್ಬೆರಳಲ್ಲಿ ದುಡಿಯ ಪೆಟ್ಟಿಗೆ ಸರಿಯಾಗಿ ಮೀಟಿದರೆ ಸಾಕು. ಹಾಡು ತನ್ನ ಜಾಗದಲ್ಲೇ ಇರುತ್ತದೆ, ಗಿಟಾರ್ ಅಲ್ಲಿಗೆ ಬರುತ್ತದೆ.

ಗಿಟಾರ್‌ನ ಕತ್ತಿಗೆ ಸಿಕ್ಕಿಸಿ ತಂತಿಗಳನ್ನು ಒತ್ತಿಹಿಡಿಯುವ ಕೇಪೊ ಇರುವಾಗ ಇಷ್ಟೆಲ್ಲ ಯಾಕೆ ಎಂದು ಗಿಟಾರ್ ಮೇಷ್ಟರುಗಳು ಕೇಳಬಹುದು. ಕೇಪೊ ಒಳ್ಳೆಯ ಸಾಧನವೇ, ಸ್ಲ್ಯಾಕ್ ಕೀ ನುಡಿಸುವವರೂ ಬಳಸುತ್ತಾರೆ. ಆದರೆ ಅದು ಶ್ರುತಿಯನ್ನು ಏರಿಸಬಲ್ಲದೇ ಹೊರತು ಇಳಿಸಲಾರದು. ವಯಸ್ಸಾದವರ, ದನಿ ಒಡೆಯುತ್ತಿರುವ ಹುಡುಗರ, ಮಂದ್ರದ ಹೆಂಗಸರ ಗಂಟಲಿಗೆ ಬೇಕಾದದ್ದು ಇಳಿಕೆ. ತಂತಿ ಸಡಿಲಿಸಿದರೆ ಫ್ರೆಟ್‌ಗೆ ತಾಗಿ ಗುರುಗುಟ್ಟುತ್ತದೆ ಎಂಬ ದೂರೂ ನಿಜ. ಅದಕ್ಕೆ ಒಂದು ಹಂತ ದಪ್ಪದ ತಂತಿಗಳನ್ನು ಹಾಕಿಕೊಂಡರಾಯಿತು. ಕಛೇರಿಯ ಮಧ್ಯೆ ಶ್ರುತಿ ಬದಲಿಸಲು ಹೊತ್ತಾಗುತ್ತದೆ ಎಂಬುದಕ್ಕೆ ಉತ್ತರ ನಮ್ಮ ಕಛೇರಿಗಳಲ್ಲೇ ಇದೆ. ಮೃದಂಗದ ವಿದ್ವಾಂಸರು ಸುತ್ತಿಗೆ ಕಲ್ಲು ಹಿಡಿದು ಶ್ರುತಿ ಸರಿಮಾಡುವಾಗ ಸಭೆ ಕಾಯುತ್ತದೆ, ಗಿಟಾರ್‌ಗೂ ಅರ್ಧ ನಿಮಿಷ ಕಾಯಬಲ್ಲದು.

ಭಾರತೀಯ ಸಂಗೀತವೂ ಹವಾಯಿಯೂ ಕೂಡಿದ್ದು ಇದೇ ಮೊದಲೇನಲ್ಲ. ಬ್ರಿಜ್‌ಭೂಷಣ್ ಕಾಬ್ರಾ ಆ ದ್ವೀಪದ ಗಿಟಾರನ್ನು ರಾಗಕ್ಕೆ ಒಲಿಸಿದರು, ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಅದೇ ಬಗೆಯ ಸ್ಲೈಡ್ ಗಿಟಾರ್‌ನಲ್ಲಿ ಹಿಂದೂಸ್ತಾನಿ ನುಡಿಸುತ್ತಾರೆ. ವಿಶ್ವಮೋಹನ ಭಟ್ಟರ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪಡೆದ ರೈ ಕೂಡರ್, ಅದಕ್ಕೂ ಮೊದಲು 1975ರಲ್ಲಿ ಗ್ಯಾಬಿ ಪಹಿನುಯಿ ತಂಡದ ಧ್ವನಿಮುದ್ರಿಕೆಯಲ್ಲಿ ಕೂಡಿ ನುಡಿಸಿದ್ದವರು. ತೆರೆದ ಶ್ರುತಿಯ ಅಭ್ಯಾಸ ಅವರಿಗಿತ್ತು.

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಗಿಟಾರ್ ತರಗತಿಗಳು ಮೊದಲ ವರ್ಷದಲ್ಲೇ ಒಂದು ತೆರೆದ ಶ್ರುತಿಯನ್ನು ಕಲಿಸಲಿ. ಖರ್ಚೆಂದರೆ ಒಂದು ಸೆಟ್ ತಂತಿ, ಫೋನಿನಲ್ಲೊಂದು ಟ್ಯೂನರ್. ಗಾಯನ ಸ್ಪರ್ಧೆ ನಡೆಸುವವರು ಟ್ರ್ಯಾಕ್ ಕಡ್ಡಾಯ ಮಾಡುವುದನ್ನು ಬಿಡಲಿ, ಮಗು ತನ್ನ ಶ್ರುತಿಯಲ್ಲಿ ಹಾಡಲು ಅವಕಾಶ ಕೊಡಲಿ. ಟ್ರ್ಯಾಕ್ ಬೇಕೇ ಬೇಕೆಂದರೆ ಅದರ ಶ್ರುತಿ ಇಳಿಸುವ ಸಾಫ್ಟ್‌ವೇರ್ ಇದೆ, ಹಿಂದಿನ ದಿನವೇ ಮಗುವನ್ನು ಕೂರಿಸಿ ಹಾಡಿಸಿ ನೋಡಲಿ. ಮಡಿಕೇರಿಯಲ್ಲೇ ಇರುವ ಕೊಡವ ಸಾಹಿತ್ಯ ಅಕಾಡೆಮಿ ಮತ್ತು ಅರೆಭಾಷೆ ಅಕಾಡೆಮಿಗಳು ಹಿರಿಯ ಹಾಡುಗಾರರನ್ನೂ ಗಿಟಾರ್ ಹುಡುಗರನ್ನೂ ಎರಡು ದಿನ ಒಟ್ಟಿಗೆ ಕೂರಿಸಲಿ. ಮೊದಲ ದಿನ ಹಿರಿಯರು ತಮ್ಮ ಶ್ರುತಿಯಲ್ಲಿ ಹಾಡಲಿ, ಹುಡುಗರು ಬಿರಡೆಯ ಮೇಲೆ ಕೈಯಿಟ್ಟು ಕೇಳಲಿ. ನುಡಿಸುವುದು ಎರಡನೇ ದಿನಕ್ಕಿರಲಿ.