ಕೇಸಿದೆಯೇ ಎಂದಷ್ಟೇ ಕೇಳುವವರಿಗೆ

ಅಪ್ಸರಕೊಂಡದ ಗುಡ್ಡದ ಮೇಲೆ, ಕಡಲು ಕಾಣುವ ಜಾಗದಲ್ಲಿ ಕೂತು ಆ ಹುಡುಗ ತನ್ನ ಪ್ಲಾಸ್ಟಿಕ್ ಫೈಲು ಬಿಚ್ಚಿದ. ಜಿಎನ್‌ಎಂ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲಿನ ನೋಂದಣಿ ಪತ್ರ, ಎಲ್ಲದರ ಅಡಿಗೆ ನಾಲ್ಕಾಗಿ ಮಡಚಿದ ಎಫ್‌ಐಆರ್ ಪ್ರತಿ. ಮಡಚಿ ಬಿಚ್ಚಿ ಮಾಡಿ ಕಾಗದ ನಡುವೆ ಹರಿಯುವುದಕ್ಕೆ ಬಂದಿತ್ತು. ಆಗಿನ ಭಾರತೀಯ ದಂಡ ಸಂಹಿತೆಯ ಕಲಂ 143, 147, 149. ಹೆಸರುಗಳ ಸಾಲು, ಕೊನೆಗೆ ‘ಮತ್ತು ಇತರರು’. ಏಳನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿತವನು. ಕೇಸು ಬಿದ್ದಾಗ ಅವನಿಗೆ 19 ವರ್ಷ. ‘ನಾ ನಿಂತು ನೋಡ್ತಿದ್ದೆ ಅಷ್ಟೇ ಮಾಸ್ತರೇ, ಕಲ್ಲು ಹೊಡದವ ಅಲ್ಲ’ ಎಂದ.

2017ರ ಡಿಸೆಂಬರ್ ತಿಂಗಳನ್ನು ನಮ್ಮ ಕಡೆಯವರು ಮರೆತಿಲ್ಲ. ಹೊನ್ನಾವರದ ಶೆಟ್ಟಿಕೆರೆಯಲ್ಲಿ ಪರೇಶ ಮೇಸ್ತನ ಶವ ಸಿಕ್ಕಿತು. ಕೊಲೆಯೆಂಬ ಮಾತು ಹಬ್ಬಿ ಹೊನ್ನಾವರ, ಕುಮಟಾ, ಶಿರಸಿ ಹೊತ್ತಿ ಉರಿದವು. ಕುಮಟಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನಕ್ಕೇ ಬೆಂಕಿ ಬಿತ್ತು. ಮೀಸೆ ಚಿಗುರದ ಹುಡುಗರ ಮೇಲೂ ಮೊಕದ್ದಮೆಗಳಾದವು. ಸಿಬಿಐ 2022ರಲ್ಲಿ ಪರೇಶನದು ಆಕಸ್ಮಿಕ ಸಾವು ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಭಾಷಣ ಮಾಡಿದವರು ಮುಂದೆ ಹೋಗಿದ್ದರು. ಫೈಲು ಹಿಡಿದುಕೊಂಡು ಅಲೆಯುವ ಪಾಳಿ ಹುಡುಗರದ್ದಾಯಿತು.

ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ಹಚ್ಚಿದವನಿಗೆ ಶಿಕ್ಷೆಯಾಗಲಿ. ಆದರೆ ಕಲಂ 149 ಎಂದರೆ ಗುಂಪಿನಲ್ಲಿ ಒಬ್ಬ ಮಾಡಿದ್ದಕ್ಕೆ ಗುಂಪೆಲ್ಲ ಹೊಣೆ. ಅದನ್ನು ಹಾಕಿದರೆ ಕಲ್ಲು ತೂರಿದವನೂ ಪೇಟೆಗೆ ಸಾಮಾನು ತರಲು ಹೋದವನೂ ಒಂದೇ ಪಟ್ಟಿಗೆ ಬರಬಹುದು. ಯಾರು ಯಾರೆಂದು ಬೇರ್ಪಡಿಸುವುದು ನ್ಯಾಯಾಲಯದ ಕೆಲಸ, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಆಸ್ಪತ್ರೆಯ ಆಫೀಸಿನವರು ಮಾತ್ರ ಅದನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಅರ್ಜಿಯಲ್ಲಿ ಒಂದು ಪ್ರಶ್ನೆ: ನಿಮ್ಮ ಮೇಲೆ ಯಾವುದೇ ಕ್ರಿಮಿನಲ್ ಪ್ರಕರಣ ದಾಖಲಾಗಿದೆಯೇ? ಹೌದು ಅಥವಾ ಇಲ್ಲ. ಏನು, ಎಂತು, ಯಾವಾಗ ಎಂದು ಬರೆಯಲು ಜಾಗವಿಲ್ಲ. ಹುಡುಗ ಹೌದು ಎಂದು ಬರೆದ. ‘ನೋಡಿ ತಿಳಿಸ್ತೇವೆ’ ಎಂದರು. ಮೂರು ಕಡೆ ಇದೇ ಉತ್ತರ. ಈಗ ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ ಐಸು ತುಂಬುತ್ತಾನೆ.

ಇದು ಒಂದು ಪಕ್ಷದವರ, ಒಂದು ಧರ್ಮದವರ ಗೋಳಲ್ಲ. ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. 2025ರ ಫೆಬ್ರವರಿಯಲ್ಲಿ ಸರ್ವೆ ತಡೆಯಲು ಹೆಂಗಸರು ಸಮುದ್ರಕ್ಕೇ ಇಳಿದರು. ಅಲ್ಲೂ ಬಂಧನ, ಅಲ್ಲೂ ಮೊಕದ್ದಮೆ. ಮನೆ ಮುಂದಿನ ಮರಳು ಉಳಿಸಿಕೊಳ್ಳಲು ನಿಂತವಳ ಮಗಳೋ ಮಗನೋ ನಾಳೆ ನರ್ಸಿಂಗ್ ಓದಿ ಬಂದರೆ, ಅವರ ಹೆಸರೂ ಆ ಪಟ್ಟಿಯಲ್ಲಿದ್ದರೆ, ಇದೇ ಪ್ರಶ್ನೆಗೆ ಉತ್ತರ ಬರೆಯಬೇಕು.

ರೋಗಿಯ ಸುರಕ್ಷತೆಯ ಗತಿಯೇನು ಎನ್ನುವವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರಜ್ಞೆ ತಪ್ಪಿ ಮಲಗಿದವರು, ಹೆರಿಗೆಗೆ ಬಂದವರು, ಕೂಸುಗಳು ಇರುವ ಜಾಗ ಅದು. ಲೈಂಗಿಕ ಅಪರಾಧಕ್ಕೆ, ಔಷಧ ಕಳ್ಳಸಾಗಣೆಗೆ ಶಿಕ್ಷೆಯಾದವರಿಗೆ ವಾರ್ಡಿನ ಬಾಗಿಲು ಮುಚ್ಚಿರಲಿ. ಅಪರಾಧಕ್ಕೂ ಕೆಲಸಕ್ಕೂ ಸಂಬಂಧ ನೋಡುವುದು ಹೇಗೆಂದು ಕಾನೂನೇ ತೋರಿಸಿದೆ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಶಿಕ್ಷೆಯಾದ ವೈದ್ಯನ ನೋಂದಣಿ ಮೊದಲ ಸಲಕ್ಕೆ ಐದು ವರ್ಷ ರದ್ದು, ಮತ್ತೆ ಮಾಡಿದರೆ ಶಾಶ್ವತವಾಗಿ ರದ್ದು. ಅಲ್ಲಿ ತಪ್ಪು ನಡೆದದ್ದು ಸ್ಕ್ಯಾನಿಂಗ್ ಕೋಣೆಯಲ್ಲೇ. ರಸ್ತೆಯಲ್ಲಿ ಘೋಷಣೆ ಕೂಗಿದ್ದಕ್ಕೂ ಡ್ರಿಪ್ ಹಾಕುವ ಕೈಗೂ ಏನು ಸಂಬಂಧ?

ಸುಪ್ರೀಂ ಕೋರ್ಟು 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಹೇಳಿದ್ದನ್ನು ನಮ್ಮ ನೇಮಕಾತಿಯವರು ಓದಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಮನ್ನಿಸಬಹುದು ಎಂದಿತು ಮೂವರು ನ್ಯಾಯಮೂರ್ತಿಗಳ ಪೀಠ. ನಿಜ ಹೇಳಿದವನ ಪೂರ್ವಾಪರ ತೂಗಿ ನೋಡುವ ಅಧಿಕಾರವನ್ನೂ ಉದ್ಯೋಗದಾತರಿಗೇ ಬಿಟ್ಟಿತು. ತೂಗುವುದು ಎಂದರೆ ನೋಡದೆ ಫೈಲು ಮುಚ್ಚುವುದಲ್ಲ. 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಂ ಇನ್ನೂ ಮುಂದೆ ಹೋಗಿ, ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣದ ಅನರ್ಹತೆ ಅಂಟದು ಎನ್ನುತ್ತದೆ.

ಕಲಬುರಗಿ ಕಡೆಯ ಒಬ್ಬರು ಎಂಬಿಬಿಎಸ್ ಓದುವಾಗ, 2002ರಲ್ಲಿ, ಕೊಲೆ ಪ್ರಕರಣದಲ್ಲಿ ಜೈಲು ಸೇರಿದ್ದರು. ಜೈಲಿನ ಹೊರರೋಗಿ ವಿಭಾಗದಲ್ಲೇ ದುಡಿದರು. 2016ರಲ್ಲಿ ಸನ್ನಡತೆಯ ಮೇಲೆ ಹೊರಬಂದು, ಬಿಟ್ಟ ಓದನ್ನು ಮುಗಿಸಿ ವೈದ್ಯರಾದರು. ಹದಿನಾಲ್ಕು ವರ್ಷ ಶಿಕ್ಷೆ ಅನುಭವಿಸಿದವರಿಗೆ ಈ ರಾಜ್ಯದಲ್ಲಿ ದಾರಿಯಿದೆ ಎಂದಮೇಲೆ, ಶಿಕ್ಷೆಯೇ ಆಗದ ನಮ್ಮ ಹುಡುಗನಿಗೆ ಏಕಿಲ್ಲ?

ಅದೂ ಯಾವ ಜಿಲ್ಲೆಯಲ್ಲಿ! ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವವರು ನಾವು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು, ನಾನೂ ಕೂಗಿದೆ. ಕಟ್ಟಡ ಎದ್ದರೂ ರಾತ್ರಿ ಪಾಳಿಗೆ ನಿಲ್ಲುವವರು ಬೇಕಲ್ಲ? ನಮ್ಮ ಮಾತು, ನಮ್ಮ ಕೊಂಕಣಿ ಗೊತ್ತಿರುವ, ಊರು ಬಿಟ್ಟು ಹೋಗಲೊಲ್ಲದ ಹುಡುಗನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದೇವೆ.

ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಅರ್ಜಿಯಲ್ಲಿ ಕೇಳುವುದಿದ್ದರೆ ಶಿಕ್ಷೆಯಾಗಿದೆಯೇ ಎಂದು ಕೇಳಿ, ಬಾಕಿ ಪ್ರಕರಣವಿದ್ದರೆ ಅಭ್ಯರ್ಥಿಯ ಮಾತು ಕೇಳಿ, ಬೇಡ ಎನ್ನುವುದಾದರೆ ಕಾರಣ ಬರೆದುಕೊಡಿ. ಪೊಲೀಸ್ ಪರಿಶೀಲನಾ ವರದಿಯಲ್ಲಿ ಕೇಸು ದಾಖಲಾದದ್ದರ ಜೊತೆಗೆ ಅದು ಏನಾಯಿತು ಎಂಬುದೂ ಇರಲಿ. ಸುತ್ತೋಲೆ ಬರುವ ತನಕ ಕಾಯಬೇಕಿಲ್ಲ. ಆಸ್ಪತ್ರೆ ನಡೆಸುವ ಹೊನ್ನಾವರ, ಕುಮಟಾ, ಭಟ್ಕಳದ ಡಾಕ್ಟರರೇ, ಮುಂದಿನ ಸಲ ‘ಹೌದು’ ಎಂದು ಬರೆದ ಅರ್ಜಿ ಮೇಜಿನ ಮೇಲೆ ಬಂದರೆ, ಅವನನ್ನು ಒಳಗೆ ಕರೆದು ಹತ್ತು ನಿಮಿಷ ಮಾತಾಡಿಸಿ.